ಮನೆಯೊಳಗೆ ಕಾಲೆತ್ತುವ ನಾಯಿ: ದೋಷ ಪತ್ತೆ ಮತ್ತು ನಿವಾರಣೆ

ಹೊಸ ಗ್ಯಾಸ್ ಸಿಲಿಂಡರ್ ಅಡುಗೆಮನೆಗೆ ಬಂದು ಐದು ನಿಮಿಷ ಆಗಿರುವುದಿಲ್ಲ, ಅದರ ಬುಡದಲ್ಲಿ ಹಳದಿ ಗೆರೆಯೊಂದು ಇಳಿದಿರುತ್ತದೆ. ಬೆಳಿಗ್ಗೆ ವಾಕಿಂಗ್ ಹೋಗಿ ಹತ್ತು ಕಂಬಕ್ಕೆ ಉಚ್ಚೆ ಹೊಯ್ದು ಬಂದ ನಾಯಿಯದೇ ಕೆಲಸ. ‘ಅಷ್ಟು ಹೊತ್ತು ಹೊರಗಿತ್ತಲ್ಲ, ಅಲ್ಲೇ ಮುಗಿಸಬಾರದಿತ್ತಾ’ ಎಂದು ಮನೆಯವರು ರೇಗುತ್ತಾರೆ. ಅದು ಅಲ್ಲೇ ಮುಗಿಸಿ ಬಂದಿದೆ. ಸಿಲಿಂಡರ್ ಮಾತ್ರ ಗೋಡೌನು, ಗಾಡಿ, ಬೀದಿ ಎಲ್ಲ ಸುತ್ತಿ ಹತ್ತಾರು ನಾಯಿಗಳ ವಾಸನೆ ಹೊತ್ತು ಒಳಗೆ ಬಂದಿದೆ. ನಾಯಿ ಅದಕ್ಕೆ ಉತ್ತರ ಕೊಟ್ಟಿದೆ, ಅಷ್ಟೆ.

ಹೀಗೆ ಗುರುತು ಹಾಕುವುದು ಯಾವಾಗಲೂ ಯಾವುದಕ್ಕೋ ಕೊಟ್ಟ ಉತ್ತರ. ಯಾವುದಕ್ಕೆ ಎಂದು ಗೊತ್ತಾಗುವ ತನಕ ನೆಲ ಒರೆಸುವ ಕೆಲಸ ಮುಗಿಯುವುದಿಲ್ಲ. ಆದರೆ ಅದಕ್ಕೂ ಮೊದಲು, ನಿಮ್ಮ ಮನೆಯಲ್ಲಿ ಆಗುತ್ತಿರುವುದು ನಿಜಕ್ಕೂ ಗುರುತು ಹಾಕುವುದೇ ಎಂದು ತೀರ್ಮಾನಿಸಿಕೊಳ್ಳಬೇಕು.

ಗುರುತೋ, ಬರೀ ಉಚ್ಚೆಯೋ

ಎಷ್ಟು ಬಿದ್ದಿದೆ ಎಂದು ಮೊದಲು ನೋಡಿ. ಗುರುತಿನ ಉಚ್ಚೆ ನೀರಿನ ಬಾಟಲಿಯ ಮುಚ್ಚಳದಲ್ಲಿ ಒಂದೆರಡು ಸಲ ಅಳೆದಷ್ಟು ಇರುತ್ತದೆ, ಹೆಚ್ಚಿಲ್ಲ. ಅದು ಸಾಮಾನ್ಯವಾಗಿ ನಿಂತ ವಸ್ತುವಿನ ಮೇಲೆ ಬಿದ್ದಿರುತ್ತದೆ: ಸೋಫಾದ ಮೂಲೆ, ಮಂಚದ ಕಾಲು, ಬಾಗಿಲ ಚೌಕಟ್ಟು, ಫ್ರಿಜ್ಜಿನ ಪಕ್ಕ, ಪರದೆಯ ಅಂಚು, ಚಪ್ಪಲಿ ಸ್ಟ್ಯಾಂಡು, ಮನೆಯವರಿಗೆ ಅತಿ ಸಂಕಟವಾಗುವ ತುಳಸಿ ಕುಂಡ. ಒಂದೇ ದಿನ ಮೂರ್ನಾಲ್ಕು ಕಡೆ ಸಿಗುತ್ತದೆ. ನೆಲದ ನಡುವೆ ಕೆರೆಯಂತೆ ಹರಡಿದ್ದರೆ ಅದು ಗುರುತಲ್ಲ. ಮೂತ್ರಕೋಶ ಖಾಲಿ ಮಾಡಿದ್ದು. ನಾಯಿಯನ್ನು ಹೊರಗೆ ಬಿಡುವುದು ತಡವಾಗಿರಬಹುದು, ಮರಿಗೆ ಇನ್ನೂ ಪಾಠ ಆಗಿರಲಿಕ್ಕಿಲ್ಲ, ಅಥವಾ ಕಾಯಿಲೆ ಇರಬಹುದು.

ಗಂಡುನಾಯಿ ಸುಮಾರು 6ರಿಂದ 12 ತಿಂಗಳ ನಡುವೆ ಕಾಲೆತ್ತಲು ಕಲಿಯುತ್ತದೆ. ಒಳಗಿನ ತಕರಾರು ಶುರುವಾಗುವುದೂ ಹೆಚ್ಚಾಗಿ ಆಗಲೇ. ಹೆಣ್ಣುನಾಯಿ ಗುರುತು ಹಾಕುವುದಿಲ್ಲ ಎಂಬ ನಂಬಿಕೆ ತಪ್ಪು. ಬೆದೆಗೆ ಬರುವ ಮುನ್ನ ಮತ್ತು ಬೆದೆಯ ದಿನಗಳಲ್ಲಿ ಅದೂ ಅಲ್ಲಲ್ಲಿ ಚೂರು ಚೂರು ಹೊಯ್ಯುತ್ತದೆ. ಕೆಲವು ಹೆಣ್ಣುನಾಯಿಗಳು ಕಾಲನ್ನೂ ಎತ್ತುತ್ತವೆ.

ಗುರುತಿನಂತೆ ಕಂಡು ದಾರಿ ತಪ್ಪಿಸುವವು ಇನ್ನೂ ಮೂರಿವೆ. ನಾಯಿ ಮಲಗಿ ಎದ್ದ ಜಾಗ ಒದ್ದೆಯಾಗಿ, ಹಿಂಭಾಗವನ್ನು ನೆಕ್ಕಿಕೊಳ್ಳುತ್ತಿದ್ದರೆ ಅದು ಸೋರಿಕೆ. ಮರಿಯಾಗದಂತೆ ಆಪರೇಷನ್ ಆದ ಹೆಣ್ಣುನಾಯಿಗಳಲ್ಲಿ, ಅದರಲ್ಲೂ ದೊಡ್ಡ ತಳಿಗಳಲ್ಲಿ ಇದು ಕಾಣುತ್ತದೆ, ಇದಕ್ಕೆ ಮಾತ್ರೆ ಇದೆ. ಯಾರೋ ಬಂದು ಬಾಗಿ ತಲೆ ಸವರಿದ ತಕ್ಷಣ ಕುಗ್ಗಿ, ಕಿವಿ ಹಿಂದಕ್ಕೆ ಒತ್ತಿ ಹೊಯ್ದರೆ ಅದು ಅಂಜಿಕೆಯ ಉಚ್ಚೆ. ಬೈದರೆ ಇನ್ನೂ ಜಾಸ್ತಿಯಾಗುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ಮಾತ್ರ, ಬಾಗಿಲು ಕೆರೆದ ಗುರುತು ಮತ್ತು ಜೊಲ್ಲಿನ ಜೊತೆಗೆ ಆಗಿದ್ದರೆ ಅದು ಒಂಟಿತನದ ಗಾಬರಿ. ಈ ಮೂರಕ್ಕೂ ಮುಂದೆ ಹೇಳುವ ಉಪಾಯ ನಾಟುವುದಿಲ್ಲ.

ಪಶುವೈದ್ಯರ ಬಳಿ ಹೋಗುವ ಮುನ್ನ ಒಂದು ಅಳತೆ

ಇಷ್ಟು ದಿನ ಸರಿಯಿದ್ದ ನಾಯಿ ಇದ್ದಕ್ಕಿದ್ದಂತೆ ಒಳಗೆ ಹೊಯ್ಯತೊಡಗಿದರೆ ಮೊದಲು ಮೂತ್ರ ಪರೀಕ್ಷೆ ಆಗಬೇಕು. ಮೂತ್ರನಾಳದ ಸೋಂಕು, ಮೂತ್ರಕೋಶದ ಕಲ್ಲು, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಗಂಡುನಾಯಿಯ ಪ್ರಾಸ್ಟೇಟ್ ಊತ, ಇವೆಲ್ಲ ಮೊದಮೊದಲು ‘ನಾಯಿ ಕೆಟ್ಟ ಅಭ್ಯಾಸ ಕಲಿತಿದೆ’ ಎನ್ನುವ ಹಾಗೆಯೇ ಕಾಣುತ್ತವೆ. ತುರಿಕೆಗೆ ಕೊಟ್ಟ ಪ್ರೆಡ್ನಿಸೊಲೋನ್ ಮಾತ್ರೆಯೂ ಬಾಯಾರಿಕೆ, ಉಚ್ಚೆ ಎರಡನ್ನೂ ಹೆಚ್ಚಿಸುತ್ತದೆ. ನಡೆಯುತ್ತಿರುವ ಔಷಧಗಳ ಪಟ್ಟಿಯನ್ನು ತಪ್ಪದೆ ತೋರಿಸಿ.

ನೀರನ್ನು ಮನೆಯಲ್ಲೇ ಅಳೆಯಿರಿ. ಬೆಳಿಗ್ಗೆ 2 ಲೀಟರ್ ಅಳೆದು ಇಡಿ, ಬಟ್ಟಲಿಗೆ ಅದರಿಂದಲೇ ಹಾಕುತ್ತಾ ಹೋಗಿ, 24 ಗಂಟೆ ಬಿಟ್ಟು ಉಳಿದದ್ದನ್ನು ಕಳೆಯಿರಿ. ಬಕೆಟ್ಟು, ಬಚ್ಚಲು, ಗಿಡದ ತಟ್ಟೆಯ ನೀರು ಅದಕ್ಕೆ ಎಟುಕಬಾರದು. ತೂಕಕ್ಕೆ, ನಾಯಿಯನ್ನು ಎತ್ತಿಕೊಂಡು ಒಮ್ಮೆ, ನೀವೊಬ್ಬರೇ ಒಮ್ಮೆ ತೂಕದ ಯಂತ್ರದ ಮೇಲೆ ನಿಂತರೆ ಸಾಕು. ಆರೋಗ್ಯವಂತ ನಾಯಿ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 50–60 ಮಿ.ಲೀ. ಕುಡಿಯುತ್ತದೆ. 12 ಕಿಲೋ ನಾಯಿಗೆ 600–720 ಮಿ.ಲೀ. ಕಿಲೋಗೆ 100 ಮಿ.ಲೀ. ದಾಟಿದರೆ, ಅಂದರೆ ಇದೇ ನಾಯಿ 1.2 ಲೀಟರ್ ಮೀರಿದರೆ, ಕಾಯಿಲೆಯನ್ನು ಹುಡುಕಲೇಬೇಕು. ಒಂದು ಎಚ್ಚರಿಕೆ: ಮೊಸರನ್ನ ತಿನ್ನುವ ನಾಯಿಗೆ ಊಟದಲ್ಲೇ ಬಹಳಷ್ಟು ನೀರು ಸಿಗುತ್ತದೆ. ಅದನ್ನು ಒಣ ಪೆಡಿಗ್ರಿ ಥರದ ಆಹಾರಕ್ಕೆ ಬದಲಿಸಿದ ವಾರದಲ್ಲಿ ಬಟ್ಟಲಿನ ಲೆಕ್ಕ ಏರುವುದು ಸಹಜ. ಉಚ್ಚೆ ಕಡಿಮೆಯಾಗಲಿ ಎಂದು ನೀರು ಕಡಿತ ಮಾಡುವುದು ಮಾತ್ರ ಬೇಡ.

ಸ್ಯಾಂಪಲ್ಲಿಗೆ ಚೆನ್ನಾಗಿ ಕುದಿಸಿ ಆರಿಸಿದ ಉದ್ದ ಹಿಡಿಯ ಸೌಟು ಒಳ್ಳೆಯ ಉಪಕರಣ. ಬೆಳಗಿನ ಮೊದಲ ಉಚ್ಚೆಯಲ್ಲಿ ಶುರುವಿನದನ್ನು ಬಿಟ್ಟು ನಡುವಿನ ಧಾರೆಗೆ ಸೌಟು ಹಿಡಿದು, ಮೆಡಿಕಲ್ ಸ್ಟೋರಿನ ಸ್ಟೆರೈಲ್ ಡಬ್ಬಿಗೆ ಹಾಕಿ ಒಂದು ಗಂಟೆಯೊಳಗೆ ತಲುಪಿಸಿ. ತಡವಾಗುವುದಾದರೆ ಫ್ರಿಜ್ಜಿನಲ್ಲಿಡಿ. ಕಲ್ಚರ್, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆ ಬೇಕೆಂದರೆ ವೈದ್ಯರೇ ಸೂಜಿಯಿಂದ ನೇರ ಮೂತ್ರಕೋಶದಿಂದ ತೆಗೆಯುತ್ತಾರೆ. ನೆಲದಿಂದ ಬಳಿದದ್ದು ಅದಕ್ಕೆ ಆಗದು.

ನಾಯಿ ಮತ್ತೆ ಮತ್ತೆ ಕಾಲೆತ್ತಿ ತಿಣುಕಿದರೂ ಏನೂ ಬಾರದಿದ್ದರೆ ನಾಳೆಗೆ ಮುಂದೂಡಬೇಡಿ. ಕಲ್ಲು ಅಡ್ಡ ಸಿಕ್ಕಿದ್ದರೆ ಅದು ಆವತ್ತೇ ನೋಡಬೇಕಾದ ತುರ್ತು. ಆಪರೇಷನ್ ಆಗದ ಹೆಣ್ಣುನಾಯಿ ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ಮಂಕಾಗಿ, ಊಟ ಬಿಟ್ಟು, ನೀರು ಮಾತ್ರ ಕುಡಿಯುತ್ತಿದ್ದರೆ ಅದು ಗರ್ಭಕೋಶದ ಕೀವು ಇರಬಹುದು. ಅದೂ ತುರ್ತೇ.

ಏಳು ದಿನದ ಲೆಕ್ಕ

ವೈದ್ಯರು ಕಾಯಿಲೆ ಇಲ್ಲ ಎಂದ ಮೇಲೆ ಒಂದು ಹಾಳೆಯಲ್ಲಿ ಮನೆಯ ನಕ್ಷೆ ಬರೆದು, ಸಿಕ್ಕಿದ ಪ್ರತಿ ಗುರುತಿಗೂ ಚುಕ್ಕಿ ಇಡಿ. ಪಕ್ಕದಲ್ಲಿ ಹೊತ್ತು, ಎಷ್ಟು ಎತ್ತರ, ಅದಕ್ಕೆ ಹಿಂದಿನ ಅರ್ಧ ಗಂಟೆಯಲ್ಲಿ ಮನೆಗೆ ಏನು ಬಂತು, ಯಾರು ಬಂದರು, ಹೊರಗೆ ಯಾವ ನಾಯಿ ಬೊಗಳಿತು, ಇಷ್ಟು ಬರೆಯಿರಿ. ಎರಡು ನಾಯಿಗಳಿದ್ದರೆ ಹಳೆಯ ಫೋನನ್ನು ಕ್ಯಾಮೆರಾ ಮಾಡಿ ಇಡಿ. ಬೈಸಿಕೊಳ್ಳುವ ನಾಯಿಯೇ ಮಾಡಿದ್ದೆಂದು ಖಾತ್ರಿಯಿಲ್ಲ.

ಏಳು ದಿನ ಕಳೆದ ಮೇಲೆ ಚುಕ್ಕಿಗಳೇ ಮಾತಾಡುತ್ತವೆ. ಎಲ್ಲ ಚುಕ್ಕಿ ಮುಂಬಾಗಿಲು, ಬೀದಿ ಕಿಟಕಿ, ಬಾಲ್ಕನಿಯ ಸುತ್ತ ಇದ್ದರೆ ಕಾರಣ ಹೊರಗಿದೆ: ಬೀದಿನಾಯಿ ನಿಮ್ಮ ಗೇಟಿಗೆ ಹೊರಗಿನಿಂದ ಹೊಯ್ಯುತ್ತಿದೆ, ನಿಮ್ಮದು ಒಳಗಿನಿಂದ ಜವಾಬು ಕೊಡುತ್ತಿದೆ. ಮಳೆಗಾಲ ಕಳೆದು ದೀಪಾವಳಿ ಹತ್ತಿರವಾಗುವ ಹೊತ್ತಿಗೆ ಇದು ಜೋರಾಗುತ್ತದೆ. ಕಾರ್ತೀಕ ಮಾಸವನ್ನೂ ನಾಯಿಗಳನ್ನೂ ಸೇರಿಸಿ ಹೇಳುವ ಮಾತು ಸುಮ್ಮನೆ ಹುಟ್ಟಿದ್ದಲ್ಲ, ಬೀದಿಯ ಹೆಣ್ಣುನಾಯಿಗಳು ಬೆದೆಗೆ ಬರುವುದು ಹೆಚ್ಚಾಗಿ ಆ ತಿಂಗಳುಗಳಲ್ಲೇ. ಒಂದು ಬೆದೆ ಸುಮಾರು ಮೂರು ವಾರ ನಡೆಯುತ್ತದೆ. ಓಣಿಯಲ್ಲಿ ಒಂದಾದ ಮೇಲೊಂದು ಬೆದೆಗೆ ಬಂದರೆ ಎರಡು ತಿಂಗಳು ಗೇಟಿನ ಬಳಿ ಜಾತ್ರೆ.

ಚುಕ್ಕಿಗಳು ವಸ್ತುಗಳ ಸುತ್ತ ಇದ್ದರೆ ವಾಸನೆ ನಡೆದುಕೊಂಡು ಒಳಗೆ ಬರುತ್ತಿದೆ. ಸಿಲಿಂಡರ್, ತರಕಾರಿ ಚೀಲ, ಕೊರಿಯರ್ ಡಬ್ಬ, ನೆಂಟರ ಸೂಟ್‌ಕೇಸು, ಬೈಕಿನ ಚಕ್ರ. ಮನೆಕೆಲಸಕ್ಕೆ ಬರುವವರು ಇನ್ನೊಂದು ನಾಯಿಯಿರುವ ಮನೆಯಿಂದ ನೇರ ಬರುತ್ತಿದ್ದರೆ ಅವರ ಚಪ್ಪಲಿ, ಚೀಲ, ಸೀರೆಯ ಅಂಚು ಎಲ್ಲವೂ ನಿಮ್ಮ ನಾಯಿಗೆ ಒಂದೊಂದು ಪತ್ರ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನ ಮೂಲೆಯೇ ಮೂಲ.

ಒಬ್ಬರೇ ವ್ಯಕ್ತಿಯ ಹಾಸಿಗೆ, ಬಟ್ಟೆಯ ಮೇಲೆ ಮಾತ್ರ ಚುಕ್ಕಿಗಳಿದ್ದರೆ ಜನ ‘ಸೇಡು’ ಎನ್ನುತ್ತಾರೆ. ಸೇಡಲ್ಲ. ಹೊಸ ಕೂಸು, ಮದುವೆಯಾಗಿ ಬಂದ ಸೊಸೆ, ಊರಿನಿಂದ ಬಂದ ಅಜ್ಜ, ಹೀಗೆ ಯಾರ ಆಗಮನದಿಂದಲೋ ಮನೆಯ ದಿನಚರಿ ಬದಲಾಗಿ ನಾಯಿಗೆ ನೆಲೆ ತಪ್ಪಿದ ಹಾಗಾಗಿರುತ್ತದೆ. ಮನೆ ಬದಲಿಸಿದಾಗಲೂ ಇದೇ. ಹಿಂದಿನ ಬಾಡಿಗೆದಾರರು ನಾಯಿ ಸಾಕಿದ್ದರೆ ಇನ್ನೂ ಖಂಡಿತ.

ಹಳೆಯ ವಾಸನೆ ತೆಗೆಯದೆ ಏನೂ ನಡೆಯದು

ಎಲ್ಲರೂ ಎಡವುವುದು ಇಲ್ಲೇ. ನಮ್ಮ ಮೂಗಿಗೆ ವಾಸನೆ ಹೋಯಿತು ಎಂದರೆ ನಾಯಿಯ ಮೂಗಿಗೆ ಹೋಯಿತು ಎಂದಲ್ಲ. ಫಿನೈಲು ಉಚ್ಚೆಯ ವಾಸನೆಯನ್ನು ತೆಗೆಯುವುದಿಲ್ಲ, ಅದರ ಮೇಲೆ ಕೂರುತ್ತದೆ. ಕರಿ ಫಿನೈಲ್ ಪಾದಕ್ಕೆ ಅಂಟಿ, ನೆಕ್ಕಿದಾಗ ಹೊಟ್ಟೆಗೂ ಹೋಗಿ ವಿಷವಾಗುತ್ತದೆ; ಬೆಕ್ಕೂ ಇರುವ ಮನೆಯಲ್ಲಂತೂ ಅದನ್ನು ಇಡಲೇಬೇಡಿ. ಬ್ಲೀಚಿಂಗ್ ಪೌಡರ್ ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ಕ್ಲೋರಮೈನ್ ಅನಿಲ ಏಳುತ್ತದೆ, ಕಣ್ಣು ಗಂಟಲು ಉರಿಯುತ್ತದೆ. ಅದರ ಮೇಲೆ ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದರೆ ಕ್ಲೋರಿನ್ ಅನಿಲವೇ ಬರುತ್ತದೆ. ಆಸಿಡ್ ಟೈಲ್ಸ್ ಸಂದಿನ ಸಿಮೆಂಟನ್ನು ತಿಂದು ಸಣ್ಣ ಸಣ್ಣ ತೂತು ಮಾಡುವುದರಿಂದ ಮುಂದಿನ ಉಚ್ಚೆ ಇನ್ನೂ ಆಳಕ್ಕೆ ಇಳಿಯುತ್ತದೆ.

ಮಾಪ್ ಇನ್ನೊಂದು ಗುಪ್ತ ಶತ್ರು. ಸೋಫಾ ಮೂಲೆಯನ್ನು ಒರೆಸಿದ ಅದೇ ಮಾಪ್, ಅದೇ ಬಕೆಟ್ ನೀರು ಹಾಲಿಗೂ ದೇವರಮನೆಗೂ ಹೋದರೆ ವಾಸನೆಯನ್ನು ನೀವೇ ಮನೆಯೆಲ್ಲ ಹಂಚಿದಂತೆ. ಉಚ್ಚೆಗೆ ಬೇರೆ ಬಟ್ಟೆ ಇರಲಿ, ಬಳಸಿ ಎಸೆಯುವಂಥದ್ದು.

ಮೊದಲು ಹಳೆಯ ಗುರುತುಗಳನ್ನು ಹುಡುಕಿ. 365 ನ್ಯಾನೊಮೀಟರಿನ ಯುವಿ ಟಾರ್ಚ್ ಆನ್‌ಲೈನಿನಲ್ಲಿ ಸಿಗುತ್ತದೆ. ರಾತ್ರಿ ಎಲ್ಲ ದೀಪ ಆರಿಸಿ ನೆಲದಿಂದ ಎರಡು ಅಡಿ ಎತ್ತರದ ತನಕ ಬಿಡಿ. ಒಣಗಿದ ಉಚ್ಚೆ ಮಬ್ಬು ಹಳದಿ-ಹಸಿರಾಗಿ ಹೊಳೆಯುತ್ತದೆ, ನೀರು ಇಳಿದಂಥ ಗೆರೆಯಾಗಿ. ಸೋಪಿನ ಪುಡಿಯೂ ಹೊಳೆಯುತ್ತದೆ, ಆದರೆ ಅದು ನೀಲಿ-ಬಿಳಿ ಮತ್ತು ಒರೆಸಿದ ಆಕಾರದಲ್ಲಿರುತ್ತದೆ. ಸಿಕ್ಕಿದ ಕಡೆಯೆಲ್ಲ ಪೇಪರ್ ಟೇಪ್ ಅಂಟಿಸಿಕೊಳ್ಳಿ. ದೀಪ ಹಾಕಿದ ಮೇಲೆ ಎಲ್ಲಿತ್ತೆಂದು ತಿಳಿಯುವುದಿಲ್ಲ.

ಹಸಿ ಗುರುತಾದರೆ ಹಳೇ ಪೇಪರಿನಿಂದ ಒತ್ತಿ ಹೀರಿಸಿ, ಉಜ್ಜಬೇಡಿ. ಒಂದು ಲೋಟ ತಣ್ಣೀರು ಹಾಕಿ ಮತ್ತೆ ಹೀರಿಸಿ. ಬಿಸಿನೀರು ಬೇಡ. ಮುಂಚೆ ಫಿನೈಲ್ ಹಾಕಿದ ಜಾಗವಾದರೆ ಬರೀ ನೀರಿನಿಂದ ಎರಡು ಸಲ ತೊಳೆಯಿರಿ, ಇಲ್ಲದಿದ್ದರೆ ಮುಂದೆ ಹಾಕುವ ಎಂಜೈಮ್ (ಕೊಳೆಯನ್ನು ಒಡೆಯುವ ಪದಾರ್ಥ) ಅಲ್ಲೇ ಸಾಯುತ್ತದೆ. ಆಮೇಲೆ ಸಾಕುಪ್ರಾಣಿ ಅಂಗಡಿಯ ಎಂಜೈಮ್ ಕ್ಲೀನರ್ ಅನ್ನು ಕಲೆಯ ಸುತ್ತ ಒಂದು ಗೇಣು ಹೆಚ್ಚಾಗಿ, ಗೋಡೆಗೆ ಸಿಡಿದಿರುವ ಎತ್ತರಕ್ಕೂ ಹಾಕಿ, ಟೈಲ್ಸ್ ಸಂದನ್ನು ಹಳೇ ಟೂತ್‌ಬ್ರಷ್ಷಿನಿಂದ ತಿಕ್ಕಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ. ಸ್ಪ್ರೇ ಮಾಡಿ ತಕ್ಷಣ ಒರೆಸಿದರೆ ದುಡ್ಡು ದಂಡ. ಎಂಜೈಮಿಗೆ ಒದ್ದೆಯಾಗಿರುವ ಸಮಯ ಬೇಕು: ನೆಲಕ್ಕೆ 15–20 ನಿಮಿಷ, ಬಟ್ಟೆ ಮತ್ತು ಫೋಮಿಗೆ ಹಲವು ಗಂಟೆ. ಹಳೆಯ ಕಲೆಗೆ ಮೂರು ದಿನ ಇದನ್ನೇ ಮಾಡಿ. ಸೋಫಾದ ಫೋಮಿನ ಒಳಗೆ ಇಳಿದಿದ್ದರೆ ದೊಡ್ಡ ಸಿರಿಂಜಿನಲ್ಲಿ ಒಳಕ್ಕೇ ತುಂಬಿ ಬಿಸಿಲಿಗಿಡಿ. ಹತ್ತಿ ಹಾಸಿಗೆಗೆ ಹಲವು ಸಲ ಹೊಯ್ದಿದ್ದರೆ ಹತ್ತಿ ಬದಲಿಸುವುದೇ ಅಗ್ಗ.

ನಿಂಬೆ, ಕಿತ್ತಳೆ ಸಿಪ್ಪೆಗೆ ಬೆಲ್ಲ ಹಾಕಿ ಮೂರು ತಿಂಗಳು ಕೊಳೆಸಿದ ‘ಬಯೋ ಎಂಜೈಮ್’ ಮನೆಯಲ್ಲಿದೆ ಎನ್ನುವವರು ಬಹಳ. ಅದರ ಮುಖ್ಯ ಕೆಲಸಗಾರ ಹುಳಿ. ಅಂಗಡಿಯ ಎಂಜೈಮಿನ ಜಾಗಕ್ಕೆ ಅದು ಬರದು. ವಿನೆಗರಿಗೆ ಸಮ ನೀರು ಬೆರೆಸಿದ್ದು ಅಮೋನಿಯಾ ವಾಸನೆ ಕಡಿಮೆ ಮಾಡುತ್ತದೆ, ಅಷ್ಟರಮಟ್ಟಿಗೆ ಉಪಯೋಗಿ. ಆದರೆ ಈ ಎರಡನ್ನೂ ಟೈಲ್ಸ್ ಮೇಲೆ ಮಾತ್ರ ಬಳಸಿ. ಕಡಪಾ ಕಲ್ಲು, ಮಾರ್ಬಲ್, ಮೊಸಾಯಿಕ್, ಹಳೇ ಮನೆಯ ರೆಡ್ ಆಕ್ಸೈಡ್ ನೆಲ ಇವೆಲ್ಲ ಹುಳಿಗೆ ಹೊಳಪು ಕಳೆದುಕೊಳ್ಳುತ್ತವೆ.

ಮೊಂಡು ಕಲೆಗೆ ಹೈಡ್ರೋಜನ್ ಪೆರಾಕ್ಸೈಡ್ ಒಳ್ಳೆಯದು. ಮೆಡಿಕಲ್ ಸ್ಟೋರಿನ ಬಾಟಲಿಯ ಮೇಲೆ ಶೇ. 6 ಅಥವಾ 20 ವಾಲ್ಯೂಮ್ ಎಂದಿದ್ದರೆ ಸಮ ನೀರು ಬೆರೆಸಿ ಶೇ. 3 ಮಾಡಿಕೊಳ್ಳಿ. ಅದರ 250 ಮಿ.ಲೀ.ಗೆ ಒಂದು ಚಮಚ ಅಡುಗೆ ಸೋಡಾ, ನಾಲ್ಕು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಆಗಲೇ ಸುರಿದು 15 ನಿಮಿಷ ಬಿಟ್ಟು ಒರೆಸಿ. ಉಳಿದದ್ದನ್ನು ಬಾಟಲಿಗೆ ತುಂಬಿ ಮುಚ್ಚಳ ಬಿಗಿಯಬೇಡಿ, ಒಳಗೆ ಅನಿಲ ತುಂಬಿ ಸಿಡಿಯಬಹುದು. ಬಣ್ಣದ ಬಟ್ಟೆ ಮಾಸುತ್ತದೆ, ಮೂಲೆಯಲ್ಲಿ ಪರೀಕ್ಷಿಸಿ ನೋಡಿ. ಎಂಜೈಮಿನ ಜೊತೆ ಒಂದೇ ದಿನ ಹಾಕಬೇಡಿ.

ಕ್ಲೀನರ್‌ಗಳ ಮಾರಾಟದ ಮಾತಿನಲ್ಲಿ ‘ಯೂರಿಕ್ ಆಸಿಡ್ ಹರಳು ಕರಗಿಸುತ್ತದೆ’ ಎಂಬುದು ಪದೇ ಪದೇ ಬರುತ್ತದೆ. ನಾಯಿಗಳ ದೇಹ ಯೂರಿಕ್ ಆಸಿಡ್‌ನ ಬಹುಪಾಲನ್ನು ನೀರಿನಲ್ಲಿ ಸುಲಭವಾಗಿ ಕರಗುವ ಅಲಾಂಟೊಯಿನ್ ಮಾಡಿ ಹೊರಹಾಕುತ್ತದೆ. ಅದಕ್ಕೆ ಪ್ರಸಿದ್ಧ ಅಪವಾದ ಡಾಲ್ಮೇಷಿಯನ್ ತಳಿ. ಹಾಗಾಗಿ ಆ ಸಾಲು ನೋಡಿ ದುಬಾರಿ ಬಾಟಲಿ ಕೊಳ್ಳಬೇಡಿ, ಪ್ರೋಟೀನು ಒಡೆಯುವ ಪ್ರೋಟಿಯೇಸ್‌ನಂಥ ಎಂಜೈಮ್ ಇದೆಯೇ ನೋಡಿ.

ಪ್ಲೈವುಡ್ ಕಪಾಟಿನ ಬುಡ ಉಬ್ಬಿದ್ದರೆ ತೊಳೆದು ಪ್ರಯೋಜನವಿಲ್ಲ. ಆ ಪಟ್ಟಿ ಬದಲಿಸಿ, ಹೊಸ ಪಟ್ಟಿಯ ಅಂಚಿಗೆ ವಾರ್ನಿಷ್ ಎಳೆಸಿ. ಡಿಸ್ಟೆಂಪರ್ ಗೋಡೆ ಉಚ್ಚೆ ಕುಡಿಯುತ್ತದೆ. ನೆಲದಿಂದ 3 ಅಡಿ ಆಯಿಲ್ ಪೇಂಟ್ ಹೊಡೆಸಿದರೆ ಒರೆಸಲು ಬರುತ್ತದೆ. ತೊಳೆಯುವಾಗ ಕೈಗವಸು ಹಾಕಿ. ಇಲಿ ಜ್ವರದ (ಲೆಪ್ಟೊಸ್ಪೈರೋಸಿಸ್) ರೋಗಾಣು ನಾಯಿಯ ಉಚ್ಚೆಯಿಂದಲೂ ಹರಡುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದು ಬರೀ ಮಾತಲ್ಲ, ನಾಯಿಗೆ ವರ್ಷ ವರ್ಷ ಲೆಪ್ಟೊ ಲಸಿಕೆ ಬಿಡಬೇಡಿ.

ಕಾರಣವನ್ನು ಮುಚ್ಚುವುದು

ಗೇಟಿನ ಕೆಳಭಾಗಕ್ಕೆ ತಗಡು, ಬೀದಿ ಕಿಟಕಿಯ ಕೆಳಗಿನ 3 ಅಡಿಗೆ ಗಾಜನ್ನು ಮಬ್ಬು ಮಾಡುವ ಸ್ಟಿಕ್ಕರ್, ಇಷ್ಟರಿಂದ ನೋಟ ನಿಲ್ಲುತ್ತದೆ. ಗೇಟಿನ ಹೊರಬದಿಯನ್ನು ದಿನವೂ ತೊಳೆಯಿರಿ, ವಾರಕ್ಕೆರಡು ಸಲ ಎಂಜೈಮ್ ಹಾಕಿ. ಗೇಟಿನ ಮುಂದೆ ನೀಲಿ, ಕೆಂಪು ನೀರಿನ ಬಾಟಲಿ ಇಡುವ ಪದ್ಧತಿ ನಮ್ಮ ಊರುಗಳಲ್ಲಿ ಎಲ್ಲೆಡೆ ಇದೆ. ಮೂಗಿನಿಂದ ಓದುವ ಪ್ರಾಣಿಗೆ ಬಾಟಲಿಯ ಬಣ್ಣ ಏನು ಹೇಳೀತು? ಬಾಟಲಿಗೇ ಕಾಲೆತ್ತಿದ ನಾಯಿಗಳನ್ನೂ ನೋಡಬಹುದು. ಖಾರದಪುಡಿ ಎರಚುವುದು ಹಿಂಸೆ.

ಚಪ್ಪಲಿಗೆ ಬಾಗಿಲಿರುವ ಕಪಾಟು, ಚೀಲ ಮೇಜಿನ ಮೇಲೆ. ಸಿಲಿಂಡರ್ ಬಂದಾಗ ನಾಯಿಯನ್ನು ಕಟ್ಟಿ, ಬುಡವನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಳಗಿಟ್ಟು ಬಾಗಿಲು ಹಾಕಿ. ಮುಚ್ಚಿಡಲಾಗದ ವಸ್ತುವಾದರೆ ಲೀಶ್ ಹಿಡಿದು ನಾಯಿಯನ್ನು ಹತ್ತಿರ ಕರೆದೊಯ್ಯಿರಿ, ಮೂಸಲಿ, ಹಿಂಗಾಲಿನ ಭಾರ ಪಕ್ಕಕ್ಕೆ ಸರಿಯುವ ಮುನ್ನ ಕರೆದು ಬಿಸ್ಕತ್ತಿನ ಚೂರು ಕೊಡಿ. ಅರ್ಧ ಗಂಟೆಯಲ್ಲಿ ಮೂರು ಸಲ ಹೀಗೆ ಮಾಡಿದರೆ ವಸ್ತು ಹಳತಾಗುತ್ತದೆ.

ಕಾಲೆತ್ತುವ ಮುನ್ನ ನಾಯಿ ಒಂದೇ ಕಡೆ ಬಿಡದೆ ಮೂಸುತ್ತದೆ, ಪಕ್ಕಕ್ಕೆ ಒಂದು ಹೆಜ್ಜೆ ಇಡುತ್ತದೆ, ಬಾಲ ಬಿಗಿಯಾಗುತ್ತದೆ. ಹೆಸರು ಹಿಡಿದು ಲಘುವಾಗಿ ಕರೆಯಬೇಕಾದ್ದು ಆ ಎರಡು ಸೆಕೆಂಡಿನಲ್ಲಿ. ಆಮೇಲೆ ಹೊರಗೆ ಕರೆದೊಯ್ಯಿರಿ, ಅಲ್ಲಿ ಹೊಯ್ದರೆ ತಕ್ಷಣ ತಿಂಡಿ. ಗಂಟೆ ಕಳೆದು ಸಿಕ್ಕಿದ ಕಲೆಗೆ ಮೂಗು ತಿಕ್ಕಿ ಹೊಡೆದರೆ ನಾಯಿ ಕಲಿಯುವುದು ಒಂದೇ: ನಿಮ್ಮ ಕಣ್ಣ ಮುಂದೆ ಹೊಯ್ಯಬಾರದು. ಆಮೇಲೆ ಮಂಚದ ಹಿಂದೆ ಹೊಯ್ಯುತ್ತದೆ, ಹೊರಗೆ ವಾಕಿಂಗಿನಲ್ಲೂ ನಿಮ್ಮೆದುರು ಹೊಯ್ಯಲು ಅಂಜುತ್ತದೆ.

ಕಣ್ಣಿಡಲು ಆಗುವಾಗ 6 ಅಡಿ ಲೀಶ್ ನಿಮ್ಮ ಸೊಂಟಕ್ಕಿರಲಿ. ಆಗದಿದ್ದಾಗ ಗುರುತು ಬೀಳದ ಒಂದು ಕೋಣೆಯಲ್ಲಿ ಇರಲಿ. ಶುಚಿ ಮಾಡಿ ಒಣಗಿದ ಜಾಗದಲ್ಲೇ ಅದರ ಊಟದ ತಟ್ಟೆ ಅಥವಾ ಹಾಸಿಗೆ ಇಡಿ, ತಿನ್ನುವ ಮಲಗುವ ಜಾಗಕ್ಕೆ ನಾಯಿ ಸಾಮಾನ್ಯವಾಗಿ ಹೊಯ್ಯದು. ನಾಲ್ಕು ವಾರ ಒಂದೂ ಗುರುತು ಬೀಳದಿದ್ದರೆ ವಾರಕ್ಕೊಂದು ಕೋಣೆಯಂತೆ ತೆರೆಯಿರಿ. ಎಲ್ಲ ಕೋಣೆಯನ್ನೂ ಒಟ್ಟಿಗೆ ತೆರೆದವರು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ.

ಗಂಡುನಾಯಿಗೆ ಹೊಟ್ಟೆಪಟ್ಟಿ ಕಟ್ಟಬಹುದು. ಎರಡು ಬೆರಳು ತೂರುವಷ್ಟು ಸಡಿಲ, ಒಳಗೆ ಸ್ಯಾನಿಟರಿ ಪ್ಯಾಡ್, ಒದ್ದೆಯಾದ ತಕ್ಷಣ ಬದಲು, ಮೂರು ಗಂಟೆಗೆ ಮೀರಿ ಬೇಡ, ರಾತ್ರಿ ಬೇಡವೇ ಬೇಡ. ಸೆಕೆಗೆ ಚರ್ಮ ಕೆಂಪೇರುತ್ತದೆ. ಇದು ಸೋಫಾವನ್ನು ಕಾಪಾಡುತ್ತದೆಯೇ ಹೊರತು ಅಭ್ಯಾಸ ಬಿಡಿಸುವುದಿಲ್ಲ.

ಆಪರೇಷನ್ ಮಾಡಿಸಿದರೆ

ಸುಮಾರು ಅರ್ಧದಷ್ಟು ಗಂಡುನಾಯಿಗಳಲ್ಲಿ ಗುರುತು ಹಾಕುವುದು ಸ್ಪಷ್ಟವಾಗಿ ಇಳಿಯುತ್ತದೆ. ಪೂರ್ತಿ ನಿಲ್ಲುವುದು ಅದರಲ್ಲೂ ಕೆಲವಕ್ಕೆ. ಕೆಲವು ವಾರಗಳಲ್ಲೇ ಬದಲಾಗುತ್ತವೆ, ಕೆಲವು ತಿಂಗಳುಗಳನ್ನು ತೆಗೆದುಕೊಳ್ಳುತ್ತವೆ. ನಾಯಿಗೆ ವಯಸ್ಸಾಯಿತು, ಇನ್ನು ಲಾಭವಿಲ್ಲ ಎಂಬುದು ಸರಿಯಲ್ಲ. ಆದರೆ ಗುರುತಿಗೆ ಭಯ ಮೂಲವಾಗಿದ್ದರೆ ಆಪರೇಷನ್ ಒಂದೇ ಸಾಲದು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಗೆ ಬೆಳವಣಿಗೆ ಮುಗಿಯುವ ತನಕ ಕಾಯಿರಿ ಎಂದು ವೈದ್ಯರು ಹೇಳಿದರೆ ಕೇಳಿ. ಎಲುಬು, ಕೀಲಿನ ಲೆಕ್ಕ ಅದು.

ಎಲ್ಲ ಮಾಡಿಯೂ ನಿಲ್ಲದಿದ್ದರೆ

ಎಂಟು ವಾರವಾದರೂ ಚುಕ್ಕಿಗಳ ಸಂಖ್ಯೆ ಇಳಿಯದಿದ್ದರೆ ಯುವಿ ಟಾರ್ಚನ್ನು ಮತ್ತೊಮ್ಮೆ ಹಿಡಿಯಿರಿ. ಬಹಳ ಸಲ ಸೋಫಾದ ತಳದ ಬಟ್ಟೆ, ಮಂಚದ ಹಿಂದಿನ ಗೋಡೆ, ಪರದೆಯ ಮಡಿಕೆ ತೊಳೆಯದೆ ಉಳಿದಿರುತ್ತದೆ. ಮನೆಯಲ್ಲಿ ಒಬ್ಬರು ಬೈಯುತ್ತಾ ಒಬ್ಬರು ತಿಂಡಿ ಕೊಡುತ್ತಿದ್ದರೂ ಇದೇ ಗತಿ. ಅದೂ ಅಲ್ಲವಾದರೆ ಗಾಬರಿಗೆ ಔಷಧ ಬೇಕಾಗಬಹುದು. ಫ್ಲುಆಕ್ಸೆಟಿನ್ ಅಥವಾ ಕ್ಲೋಮಿಪ್ರಮಿನ್ ಅನ್ನು ಪಶುವೈದ್ಯರು ತೂಕ ನೋಡಿ ಬರೆಯುತ್ತಾರೆ. ಗುಣ ಕಾಣಲು 4ರಿಂದ 6 ವಾರ ಬೇಕು, ಎರಡನೇ ವಾರಕ್ಕೆ ‘ಏನೂ ಆಗಲಿಲ್ಲ’ ಎಂದು ಬಿಟ್ಟವರೇ ಹೆಚ್ಚು. ಶುರು ಮಾಡಿದ್ದನ್ನು ಒಮ್ಮೆಗೇ ನಿಲ್ಲಿಸಬೇಡಿ, ಮನೆಯವರ ಮಾತ್ರೆಯಿಂದ ಅರ್ಧ ಮುರಿದು ಕೊಡಲೇಬೇಡಿ. ವೈದ್ಯರ ಬಳಿ ಹೋಗುವಾಗ ಏಳು ದಿನದ ಆ ನಕ್ಷೆಯನ್ನೂ ಜೊತೆಗೆ ಒಯ್ಯಿರಿ.